ನಾಲ್ಕೂವರೆ, ಐದೂವರೆ

ನನ್ನ ಬಾಯಿ ಸರಿಯಿಲ್ಲ ಎಂದು ತಂಗಿ ರತ್ನಾವತಿ ಮೊದಲಿನಿಂದಲೂ ಬೈಯುತ್ತಾಳೆ. ಇರಬಹುದು. ಕುವೈತಿನ ಶರ್ಕ್‌ನಲ್ಲಿ ಬೇಟೆ ಸಾಮಾನಿನ ಅಂಗಡಿಯೊಂದರ ಕೌಂಟರಿನ ಹಿಂದೆ ಹನ್ನೊಂದು ವರ್ಷ ನಿಂತು ಏರ್‌ಗನ್ ಮಾರಿದವನ ಬಾಯಿ ಸರಿಯಿರುವುದಾದರೂ ಹೇಗೆ? ಬಂದವರೆಲ್ಲ ಹುಟ್ಟುವಾಗಲೇ ಕೋವಿ ಹಿಡಿದುಕೊಂಡು ಬಂದವರ ಹಾಗೆ ಮಾತಾಡುತ್ತಿದ್ದರು. ಕೊನೆಗೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ: ನಾಲ್ಕೂವರೆ ಒಳ್ಳೆಯದೋ, ಐದೂವರೆಯೋ?

ಅದು ನಳಿಗೆಯ ಅಳತೆ, ಮಿಲಿಮೀಟರಿನಲ್ಲಿ. ಇಂಗ್ಲಿಷ್ ಕ್ಯಾಟಲಾಗುಗಳಲ್ಲಿ ಇವಕ್ಕೇ ಪಾಯಿಂಟ್ ಒನ್ ಸೆವೆನ್ ಸೆವೆನ್, ಪಾಯಿಂಟ್ ಟೂ ಟೂ ಎಂದು ಬರೆದಿರುತ್ತಾರೆ. ನಾನು ಗಿರಾಕಿಯನ್ನು ತಿರುಗಿ ಕೇಳುತ್ತಿದ್ದೆ, ನಿನಗೆ ಹೊಡೆಯಬೇಕಾದದ್ದು ಏನನ್ನು ಎಂದು. ಗುಬ್ಬಚ್ಚಿಗೋ ಖಾಲಿ ಡಬ್ಬಕ್ಕೋ ಆದರೆ ನಾಲ್ಕೂವರೆ ಸಾಕು. ಅದರ ಗುಂಡು ಹಗುರ, ವೇಗ ಹೆಚ್ಚು, ನೆಟ್ಟಗೆ ಹೋಗುತ್ತದೆ. ಆದರೆ ಹೊಕ್ಕದ್ದು ಆಚೆಯಿಂದ ಹೊರಗೂ ಬರುತ್ತದೆ. ಪಾರಿವಾಳಕ್ಕೆ ಹೊಡೆದರೆ ಅದು ತೂತಾದ ಮೈಯಲ್ಲೇ ಹಾರಿಹೋಗಿ ಕಾಣದ ಕಡೆ ಬಿದ್ದು ಸಾಯುತ್ತದೆ. ಇಲಿ, ಮೊಲ, ಪಾರಿವಾಳ ಎಂದಾದರೆ ಐದೂವರೆ. ಭಾರದ ಗುಂಡು, ನಿಧಾನ, ಆದರೆ ಶಕ್ತಿಯನ್ನೆಲ್ಲ ಒಳಗೇ ಬಿಟ್ಟು ಅಲ್ಲೇ ನಿಲ್ಲುತ್ತದೆ. ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲೂ ಅರಬಿಯಲ್ಲಿ ಹೇಳಬಲ್ಲೆ. ಮನುಷ್ಯನಿಗೆ ಯಾವುದು ಎಂದು ಮಾತ್ರ ಹನ್ನೊಂದು ವರ್ಷದಲ್ಲಿ ಒಬ್ಬನೂ ಕೇಳಿರಲಿಲ್ಲ.

1990ರ ಆಗಸ್ಟ್ ಒಂದು, ಬುಧವಾರ. ಅಲ್ಲಿಯ ಗುರುವಾರ, ಶುಕ್ರವಾರದ ರಜೆಗೆ ಮುಂಚೆ ರಿಪೇರಿಗೆ ಬಂದದ್ದನ್ನು ಮನೆಗೆ ಒಯ್ದು ಕೂತಲ್ಲೇ ಸರಿಮಾಡುವುದು ನನ್ನ ಪದ್ಧತಿ. ಆ ಸಂಜೆಯೂ ಒಂದು ಐದೂವರೆಯನ್ನು ಬಟ್ಟೆಯಲ್ಲಿ ಸುತ್ತಿ ರಿಗ್ಗೈಯ ಮನೆಗೆ ತಂದಿದ್ದೆ. ಅದರ ಸ್ಪ್ರಿಂಗ್ ಸತ್ತಿತ್ತು, ಹೊಸದು ಹಾಕಬೇಕಿತ್ತು. ಬೆರಳಿನಿಂದ ಎಳೆಯುವ ಕುದುರೆಯ ಹತ್ತಿರ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಅದರಲ್ಲಿ ಗಿರಾಕಿಯ ಹೆಸರು, ಮನೆ ಫೋನ್ ನಂಬರ್, ಎಲ್ಲ ನನ್ನದೇ ಅಕ್ಷರದಲ್ಲಿ. ಮರುದಿನ ಬೆಳಿಗ್ಗೆ ಏಳುವಾಗ ಊರಿಗೆ ಊರೇ ಇರಾಕಿನ ಸೈನಿಕರ ಕೈಯಲ್ಲಿತ್ತು.

ರಿಗ್ಗೈಯ ನಾಲ್ಕನೇ ಮಾಳಿಗೆಯ ಆ ಫ್ಲ್ಯಾಟಿನಲ್ಲಿ ನಾವು ನಾಲ್ವರು. ರತ್ನಾವತಿ, ಅವಳ ಗಂಡ ರೋಹಿದಾಸ, ಅವರ ಮಗಳು ಆರು ವರ್ಷದ ದೀಕ್ಷಿತಾ, ಮತ್ತೆ ನಾನು. ರೋಹಿದಾಸ ದೊಡ್ಡ ಹೋಟೆಲೊಂದರ ಅಡುಗೆ ಉಗ್ರಾಣದ ಸೂಪರ್‌ವೈಸರ್. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ಬೈಯುವುದೂ ಅದೇ ಸಲಿಗೆಯಲ್ಲಿ. ನನ್ನನ್ನು ತನಿಯಪ್ಪ ಎಂದು ಪೂರ್ತಿ ಹೆಸರು ಹಿಡಿದು ಅವನು ಕರೆದನೆಂದರೆ ಏನೋ ಗ್ರಹಚಾರ ಎಂದು ಅರ್ಥ.

ಒಂದು ವಾರ ಕಳೆದ ಮೇಲೆ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಯಾರ ಮನೆಯಲ್ಲಿ ಆಯುಧ ಸಿಕ್ಕಿತೋ ಆ ಮನೆಗೆ ಬೆಂಕಿ, ಮನೆಯ ಗಂಡಸರಿಗೆ ಗುಂಡು. ಬರೀ ಬೆದರಿಕೆಯಲ್ಲ, ಎರಡು ಬೀದಿ ಆಚೆ ಒಂದು ಮನೆ ಹೊಗೆಯಾಡುವುದನ್ನು ನಾವು ಕಿಟಕಿಯಿಂದ ನೋಡಿದ್ದೆವು. ಅವತ್ತೇ ರೋಹಿದಾಸ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ.

“ತನಿಯಪ್ಪ, ಅದನ್ನು ಬಿಸಾಡು.”

ನಾನು ಆಗುವುದಿಲ್ಲ ಎಂದೆ. ಈಗ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ನಮ್ಮ ಅಂಗಡಿಯಲ್ಲಿ ಚೀಟಿ ಕಟ್ಟಿದ ಮೇಲೆ ಆ ಸಾಮಾನು ನಮ್ಮ ಪ್ರಾಣ ಇದ್ದ ಹಾಗೆ. ಗಿರಾಕಿ ಆರು ತಿಂಗಳು ಬಿಟ್ಟು ಬಂದರೂ ಒರೆಸಿ, ಎಣ್ಣೆ ಹಾಕಿ, ಅವನ ಕೈಗೇ ಕೊಡಬೇಕು. ಬೇರೆಯವರ ಪೀಸನ್ನು ಕಸದ ಡಬ್ಬಿಗೆ ಹಾಕಲಿಕ್ಕೆ ನನಗೆ ಮನಸ್ಸೇ ಬರಲಿಲ್ಲ. ದೇಶವೇ ಖಲಾಸ್ ಆಗಿದೆ, ಇವನಿಗೆ ಚೀಟಿಯ ಚಿಂತೆ ಎಂದು ರೋಹಿದಾಸ ಹಣೆ ಚಚ್ಚಿಕೊಂಡ. ನಾನು ಅಷ್ಟು ಹೊತ್ತಿಗೆ ಹೊಸ ಸ್ಪ್ರಿಂಗನ್ನೂ ಹಾಕಿ ಮುಗಿಸಿದ್ದೆ. ಕೋವಿಯನ್ನು ಗೀಸರಿನ ಮೇಲಿನ ಅಟ್ಟದಲ್ಲಿ ಹಳೆ ಪರದೆಗಳ ಅಡಿಯಲ್ಲಿ ಅಡಗಿಸಿಟ್ಟೆ.

ಆಮೇಲೆ ಇಲಿಗಳು ಬಂದವು. ಬಲದಿಯಾ ಎಂದರೆ ಅಲ್ಲಿಯ ಮುನಿಸಿಪಾಲಿಟಿ, ಅದರ ಕಸದ ಲಾರಿ ನಿಂತು ಒಂದು ತಿಂಗಳಾಗಿತ್ತು. ಬಿಲ್ಡಿಂಗಿನ ಕೆಳಗೆ ಕಸದ ರಾಶಿ ಮೊದಲ ಮಾಳಿಗೆಯ ಕಿಟಕಿ ಮುಟ್ಟಿತ್ತು. ಪೈಪು ಹಿಡಿದು ಹತ್ತಿ ಬರುತ್ತಿದ್ದವು, ಹಾಡಹಗಲೇ, ಬೆಕ್ಕಿನ ಗಾತ್ರದವು. ನಮ್ಮ ಅಡುಗೆಮನೆಯಲ್ಲಿ ಮೂರು ಮೂಟೆ ಇದ್ದವು, ಎರಡು ಅಕ್ಕಿ, ಒಂದು ಮೈದಾ. ಹೋಟೆಲು ಮುಚ್ಚುವ ದಿನ ರೋಹಿದಾಸ ತಂದದ್ದು. ಆ ಮಾಳಿಗೆಯ ನಾಲ್ಕು ಸಂಸಾರಕ್ಕೆ ಅದೇ ಊಟ. ಮೂಟೆಗೆ ತೂತು ಬಿದ್ದಾಗ ರತ್ನಾವತಿ ಹೊಲಿದಳು. ಹೊಲಿದ ಮರುದಿನವೇ ಪಕ್ಕದಲ್ಲಿ ಇನ್ನೊಂದು ತೂತು. ಪಾಷಾಣ ಎಲ್ಲೂ ಸಿಗುತ್ತಿರಲಿಲ್ಲ, ಬೋನೂ ಇಲ್ಲ.

ಒಂದು ಮಧ್ಯಾಹ್ನ ದೀಕ್ಷಿತಾ ಮಲಗಿದ್ದಲ್ಲಿಂದ ಎದ್ದು ಬಂದಳು. ಅಳುತ್ತಿರಲಿಲ್ಲ. “ಮಾಮ, ಸಮ್‌ಥಿಂಗ್ ಬಿಟ್ ಮಿ” ಎಂದು ಕಾಲು ತೋರಿಸಿದಳು. ಹೆಬ್ಬೆರಳಿನ ತುದಿಯಲ್ಲಿ ರಕ್ತ. ಇಂಜೆಕ್ಷನ್ ಕೊಡಿಸೋಣವೆಂದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಐದು ಚೆಕ್‌ಪೋಸ್ಟ್. ರತ್ನಾವತಿ ಡೆಟಾಲಿನಲ್ಲಿ ತೊಳೆದು ತೊಳೆದು ಆ ಬೆರಳನ್ನು ಬಿಳಿಚಿಕೊಳ್ಳುವ ಹಾಗೆ ಮಾಡಿದಳು. ರೋಹಿದಾಸ ಅಟ್ಟದ ಕಡೆ ಗಲ್ಲ ಎತ್ತಿ ತೋರಿಸಿದ.

“ತೆಗಿ ಮಾರಾಯ, ಆ ನಿನ್ನ ಸಾವನ್ನು. ಎಂಥ ಆಗ್ತದೆ ನೋಡುವ.”

ನನ್ನ ಬ್ಯಾಗಿನಲ್ಲಿ ಸ್ಯಾಂಪಲ್ಲಿಗೆಂದು ಎರಡೂ ಅಳತೆಯ ಗುಂಡಿನ ಡಬ್ಬಿಗಳು ಯಾವತ್ತೂ ಇರುತ್ತಿದ್ದವು. ಕೋವಿ ಐದೂವರೆಯಾದದ್ದು ನಮ್ಮ ಪುಣ್ಯ ಎಂದು ನಾನು ಅವತ್ತು ಹೇಳಿದ್ದೆ. ಯಾಕೆಂದರೆ ಮೂಟೆಗಳ ಹಿಂದೆಯೇ ಗ್ಯಾಸ್ ಸಿಲಿಂಡರ್. ನಾಲ್ಕೂವರೆಯಾಗಿದ್ದರೆ ಇಲಿಯನ್ನು ದಾಟಿ ಹೋಗಿ ಸಿಲಿಂಡರಿನ ವಾಲ್ವಿಗೇ ಬಡಿದರೆ ಏನು ಗತಿ? ರತ್ನಾವತಿ ಕುಕ್ಕರು ಇಡುತ್ತಿದ್ದಳು, ಸದ್ದು ಅದರಲ್ಲಿ ಮುಚ್ಚಿಹೋಗಲೆಂದು ಸೀಟಿ ಕೂಗುವಾಗ ನಾನು ಹಾಲ್‌ನ ಬಾಗಿಲಿನಿಂದ ಕುದುರೆ ಎಳೆಯುತ್ತಿದ್ದೆ. ಏರ್‌ಗನ್ನಿನ ಸದ್ದು ಎಷ್ಟು ಮಹಾ, ದಪ್ಪ ಪುಸ್ತಕ ನೆಲಕ್ಕೆ ಬಿದ್ದಷ್ಟು. ಆದರೂ ಪ್ರತಿ ಸಲ ಹೊಡೆದ ಕೂಡಲೇ ಕಿಟಕಿಗೆ ಹೋಗಿ ಬೀದಿ ನೋಡಿ ಬರುತ್ತಿದ್ದೆ. ಮೂರು ದಿನದಲ್ಲಿ ಐದು ಇಲಿ ಬಿದ್ದವು. ಐದೂ ತಲೆಗೇ, ಐದೂ ಇದ್ದಲ್ಲೇ. ಮೂಟೆಯ ಹತ್ತಿರ ಸರಪರ ಸದ್ದು ನಿಂತಿತು, ದೀಕ್ಷಿತಾ ಮತ್ತೆ ಹೆದರದೆ ಹಾಸಿಗೆಯಲ್ಲಿ ಮಲಗಿದಳು. ನನಗೆ ಸ್ವಲ್ಪ ಜಂಬವೂ ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಸತ್ತ ಇಲಿಗಳನ್ನು ಎಲ್ಲಿ ಹಾಕುವುದು? ನಾನಾಗಿದ್ದರೆ ಕಿಟಕಿಯಿಂದ ಕೆಳಗಿನ ರಾಶಿಗೆ ಎಸೆದುಬಿಡುತ್ತಿದ್ದೆ, ಅಲ್ಲಿ ಇಲ್ಲದ ಕೊಳಕು ಯಾವುದಿತ್ತು? ಆದರೆ ರೋಹಿದಾಸ ಹತ್ತೊಂಬತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಕಲಿತವನು. ಅಲ್ಲಿಯ ನಿಯಮದಂತೆ ಸತ್ತ ಇಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಜನ ಇರುವ ಕಟ್ಟಡದಿಂದ ದೂರ ಒಯ್ದು ಹೂಳಬೇಕು. ಯುದ್ಧವಾದರೇನು, ಪ್ಲೇಗ್ ಬಂದರೆ ನಮಗೇ ಅಲ್ಲವಾ ಎಂದ. ಮೊದಲೆರಡು ಸಲ ಹೋಗಿ ಹೂತು ಬಂದಿದ್ದ. ಮೂರನೇ ದಿನ ಉಳಿದ ಮೂರನ್ನು ಅಚ್ಚುಕಟ್ಟಾಗಿ ಕಟ್ಟಿಕೊಂಡು, ಶಾಲೆಯ ಆಚೆಯ ಖಾಲಿ ಜಾಗಕ್ಕೆ ಹೊರಟ. ಆ ಶಾಲೆಯಲ್ಲಿ ಸೈನಿಕರು ಬೀಡು ಬಿಟ್ಟಿದ್ದರು.

ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಗೇಟಿನಲ್ಲಿದ್ದ ಒಬ್ಬ ಕೈ ಅಡ್ಡ ಹಿಡಿದ. ಪಾಪ, ಅವರಿಗೂ ಹಸಿವು. ಅಷ್ಟು ಜೋಪಾನವಾಗಿ ಕಟ್ಟಿದ ಚೀಲದಲ್ಲಿ ಕೋಳಿ ಇರಬೇಕು ಅಂದುಕೊಂಡಿರಬೇಕು. ಬಿಚ್ಚಿ ನೋಡಿ ಹಿಂದಕ್ಕೆ ಹಾರಿದ. ಉಳಿದವರು ನಕ್ಕರು. ಸದ್ಯ, ಬಿಟ್ಟರು ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ವಯಸ್ಸಾದ ಇನ್ನೊಬ್ಬ ಬಂದು ಒಂದು ಇಲಿಯನ್ನು ಬಾಲ ಹಿಡಿದು ಎತ್ತಿ, ತಲೆಯಲ್ಲಿ ಗುಂಡು ಹೊಕ್ಕ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದ. ಒತ್ತಿದ ಬೆರಳನ್ನು ಕಣ್ಣಿನ ಹತ್ತಿರ ತಂದ. ನಗು ನಿಂತಿತು. ಬಂದೂಕಿನ ಹಿಂಬದಿಯಿಂದ ರೋಹಿದಾಸನ ಬೆನ್ನಿಗೆ ಒಂದು ಹೊಡೆತ ಬಿತ್ತು, ಅವನು ಮೊಣಕಾಲೂರಿದ. ಆಮೇಲೆ ಮೂವರು ಸೈನಿಕರು ಅವನನ್ನು ಮುಂದೆ ಬಿಟ್ಟುಕೊಂಡು ನಮ್ಮ ಬಿಲ್ಡಿಂಗಿನ ಕಡೆ ನಡೆದರು.

ಲಿಫ್ಟು ಕೆಟ್ಟಿತ್ತು. ನಾಲ್ಕು ಮಾಳಿಗೆ ಹತ್ತುವಷ್ಟು ಸಮಯ ನನ್ನ ಕೈಯಲ್ಲಿತ್ತು. ಮೊದಲು ಹೊಳೆದದ್ದು ಚೀಟಿ. ಅದರಲ್ಲಿದ್ದದ್ದು ಕುವೈತಿಯ ಹೆಸರು. ಅದು ಸಿಕ್ಕರೆ ಅವನ ಮನೆಯೂ ಬೂದಿ, ನಾವು ಇರಾಕಿಗಳ ವಿರುದ್ಧ ನಿಂತ ಕುವೈತಿಗಳ ಗುಂಪಿನವರೂ ಆಗುತ್ತೇವೆ. ಕಿತ್ತು ಬಾಯಿಗೆ ಹಾಕಿ ಅಗಿದೆ. ದಪ್ಪ ರಟ್ಟು, ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ನೀರು ಬಂತು. ರತ್ನಾವತಿ ನೀರಿನ ಲೋಟ ಕೈಗಿಟ್ಟಳು. ನುಂಗಿದೆ. ಆಮೇಲೆ ಕೋವಿಯನ್ನು ತಂದು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಗುಂಡಿನ ಡಬ್ಬಿಗಳ ಸಮೇತ ಇಟ್ಟೆ. ಅಡಗಿಸಿ ಸಿಕ್ಕುವುದಕ್ಕಿಂತ ಇಟ್ಟು ಸಿಕ್ಕುವುದು ಮೇಲು ಎಂದು ಯಾಕೆ ಅನ್ನಿಸಿತೋ ದೇವರಿಗೇ ಗೊತ್ತು. ಬೂಟಿನ ಸದ್ದು ಮೂರನೇ ಮಾಳಿಗೆಗೆ ಬಂತು. ಹೆದರಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಅವರು ಕೋವಿಯನ್ನೂ ನನ್ನನ್ನೂ ಎಳೆದುಕೊಂಡರು. ರತ್ನಾವತಿ ದೀಕ್ಷಿತಾಳ ಮುಖವನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಒಬ್ಬ ಸೈನಿಕ ಅವರ ಪಕ್ಕದಲ್ಲೇ ಕುರ್ಚಿ ಎಳೆದು ಕೂತ. ಅವನಿಗೆ ಹೋಗುವ ಇರಾದೆ ಇರಲಿಲ್ಲ.

ನಮ್ಮನ್ನು ಒಂದು ಕ್ಲಾಸ್‌ರೂಮಿಗೆ ತಂದರು. ಸಣ್ಣ ಮಕ್ಕಳ ಬೆಂಚುಗಳನ್ನು ಮೂಲೆಗೆ ಒಟ್ಟಿದ್ದರು. ಹಲಗೆಯ ಮೇಲೆ ಯಾರೋ ಟೀಚರು ಬರೆದ ಕೂಡಿಸುವ ಲೆಕ್ಕ ಹಾಗೇ ಇತ್ತು. ಮೇಜಿನ ಹಿಂದೆ ಒಬ್ಬ ಕ್ಯಾಪ್ಟನ್, ನಲವತ್ತರ ಆಸುಪಾಸು, ಸಪೂರ ಮನುಷ್ಯ, ನಿದ್ದೆಗೆಟ್ಟ ಕಣ್ಣು. ಗಾಜಿನ ಸಣ್ಣ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಮೇಜಿನ ಮೇಲೆ ಆಗಲೇ ಒಂದು ಏರ್‌ಗನ್ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಾಲ್ಕೂವರೆ, ಹಿಡಿಯ ಮೇಲೆ ನಮ್ಮ ಅಂಗಡಿಯದೇ ಬೆಲೆಯ ಸ್ಟಿಕ್ಕರ್. ಅಂಗಡಿ ಸೂರೆಹೋಗಿದೆ ಎಂದು ಆ ಕ್ಷಣದಲ್ಲಿ ತಿಳಿಯಿತು. ಆ ಹೊತ್ತಿನಲ್ಲೂ ನನಗೆ ಸಿಟ್ಟು ಬಂತು ನೋಡಿ.

ಅವನು ಬೊಬ್ಬೆ ಹಾಕಲಿಲ್ಲ, ಬೈಯಲಿಲ್ಲ. ಬೊಬ್ಬೆ ಹಾಕಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೋ ಏನೋ. ನಮ್ಮ ಐದೂವರೆಯನ್ನು ಎತ್ತಿ ನಳಿಗೆಯನ್ನು ಕೀಲಿನಲ್ಲಿ ಮಡಚಿ ತೆರೆದು, ಸ್ಪ್ರಿಂಗಿನ ಬಿಗಿ ನೋಡಿ, ಹೊಸದು ಹಾಕಿದ್ದು ಯಾರು ಎಂದು ಕೇಳಿದ. ನಾನೇ ಎಂದೆ. ಯಾರ ಕೋವಿ ಎಂದ. ಅಂಗಡಿಯದು, ಹನ್ನೊಂದು ವರ್ಷದಿಂದ ಅಲ್ಲಿ ಮಾರುವವನು ನಾನೇ ಎಂದೆ. ತಾನೂ ಚಿಕ್ಕಂದಿನಲ್ಲಿ ಹೊಳೆ ಬದಿಯಲ್ಲಿ ಪಾರಿವಾಳ ಹೊಡೆದವನು ಎಂದು ಹೇಳಿ, ಎರಡೂ ಕೋವಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಅವುಗಳ ಮುಂದೆ ಎರಡು ಡಬ್ಬಿಗಳನ್ನೂ ತೆರೆದಿಟ್ಟ. ಆಮೇಲೆ, ಹನ್ನೊಂದು ವರ್ಷ ಮಾರಿದವನಲ್ಲವೇ, ನಾನು ಗಿರಾಕಿ ಎಂದುಕೊಂಡು ಹೇಳು ಎಂದ.

ನಾನು ಹೇಳಿದೆ. ಗಂಟಲಲ್ಲಿ ರಟ್ಟಿನ ಚೂರು ಕಚ್ಚಿಕೊಂಡಿತ್ತು, ಆದರೆ ಬಾಯಿ ಮಾತ್ರ ತನ್ನಷ್ಟಕ್ಕೆ ಓಡಿತು. ಗುಬ್ಬಚ್ಚಿಗೆ ಇದು, ಇಲಿಗೆ ಅದು. ಇದು ದಾಟಿ ಹೋಗುತ್ತದೆ, ಅದು ನಿಲ್ಲುತ್ತದೆ. ಎರಡೂ ಬರೀ ಗಾಳಿಯ ಒತ್ತಡದಲ್ಲಿ ಹಾರುವುದು, ಸಿಡಿಮದ್ದಿಲ್ಲ, ಇದು ಆಯುಧವೇ ಅಲ್ಲ ಸಾರ್, ಮನೆಯಲ್ಲಿ ಮಗುವಿನ ಕಾಲನ್ನು ಇಲಿ ಕಚ್ಚಿತ್ತು. ಅವನು ಗಿರಾಕಿಯ ಹಾಗೆಯೇ ತಲೆಯಾಡಿಸುತ್ತ ಕೇಳಿದ. ನಡುವೆ ಒಂದೆರಡು ಪ್ರಶ್ನೆಯನ್ನೂ ಹಾಕಿದ, ಒಳ್ಳೆಯ ಪ್ರಶ್ನೆಗಳು. ಬದುಕಿದೆವು ಎಂದು ನನಗೆ ಅನ್ನಿಸಿಬಿಟ್ಟಿತ್ತು.

“ಮನುಷ್ಯನಿಗೆ ಯಾವುದು?”

“ಮನುಷ್ಯನಿಗಲ್ಲ ಸಾರ್. ಇದರಲ್ಲಿ ಮನುಷ್ಯ ಸಾಯುವುದಿಲ್ಲ.”

“ಒಳ್ಳೆಯದು,” ಎಂದ ಕ್ಯಾಪ್ಟನ್. “ಹಾಗಾದರೆ ತೋರಿಸು.”

ಅವನು ಹೇಳಿದ್ದು ಇಷ್ಟು. ಆಯುಧ ಸಿಕ್ಕರೆ ಮನೆ ಸುಡಬೇಕು, ಇಬ್ಬರಿಗೂ ಗುಂಡು ಹಾಕಬೇಕು, ಅದು ಮೇಲಿನ ಆದೇಶ, ಅವನ ಕೈಯಲ್ಲಿಲ್ಲ. ಆಯುಧವಲ್ಲದಿದ್ದರೆ ಆದೇಶ ಇದಕ್ಕೆ ತಾಗುವುದಿಲ್ಲ. ಅದನ್ನು ನೋಡಿಯೇ ತಿಳಿಯಬೇಕು. ಗೋಡೆಯ ಹತ್ತಿರ ರೋಹಿದಾಸ, ಹತ್ತು ಹೆಜ್ಜೆ ಈಚೆ ಕೋವಿ. ನಾಲ್ಕೂವರೆಯೋ ಐದೂವರೆಯೋ, ಆರಿಸುವುದು ನಾನು. ಗುಂಡು ತುಂಬಿಸುವುದೂ ನಾನೇ, ಹೊಡೆಯುವುದು ಕ್ಯಾಪ್ಟನ್. ರೋಹಿದಾಸ ಕಾಲಮೇಲೆ ನಡೆದು ಗೇಟು ದಾಟಿದರೆ ನಾವಿಬ್ಬರೂ ಮನೆಗೆ, ಇಲ್ಲದಿದ್ದರೆ ನಾನು ಸುಳ್ಳುಗಾರ. ಇದನ್ನೆಲ್ಲ ಅವನು ರಜೆ ಚೀಟಿಗೆ ಸಹಿ ಹಾಕುವವನ ದನಿಯಲ್ಲಿ ಹೇಳಿದ.

ರೋಹಿದಾಸನಿಗೆ ಅರಬಿ ಬರುತ್ತಿತ್ತು. ಅವನು ನನ್ನನ್ನು ನೋಡಿದ. ಅವನ ತುಟಿ ಬೆಳ್ಳಗಾಗಿತ್ತು. “ಭಾವ, ಯೋಚನೆ ಮಾಡಿ ಹೇಳು,” ಎಂದ ಮೆಲ್ಲಗೆ. ಅಷ್ಟೇ.

ಹತ್ತು ಹೆಜ್ಜೆಯಲ್ಲಿ ಮನುಷ್ಯ ಸಾಯುವುದಿಲ್ಲ ಎಂದದ್ದು ಸುಳ್ಳು. ಅದು ನನಗೆ ಗೊತ್ತಿತ್ತು, ಕ್ಯಾಪ್ಟನ್‌ಗೂ ಗೊತ್ತಿತ್ತು. ಕಣ್ಣಿಗೆ ಹೊಡೆದರೆ, ಕುತ್ತಿಗೆಗೆ ಹೊಡೆದರೆ, ಪಕ್ಕೆಲುಬಿನ ಸಂದಿಗೆ ಹೊಡೆದರೆ ಇದೇ ಗುಂಡು ಸಾಕು. ನಾಲ್ಕೂವರೆಯಾದರೆ ತೂತು ಸಣ್ಣದು, ಆದರೆ ಆಳಕ್ಕೆ ಇಳಿಯುತ್ತದೆ. ಐದೂವರೆಯಾದರೆ ಅಷ್ಟು ಆಳಕ್ಕೆ ಹೋಗುವುದಿಲ್ಲ, ಆದರೆ ಹೊಕ್ಕಲ್ಲಿ ಚಚ್ಚಿಹಾಕುತ್ತದೆ, ಅದರ ಮೇಲೆ ನಾನೇ ಹಾಕಿದ ಹೊಸ ಸ್ಪ್ರಿಂಗ್ ಬೇರೆ. ಎಲ್ಲಿಗೆ ಹೊಡೆಯುತ್ತಾನೆ ಎಂದು ಗೊತ್ತಿಲ್ಲದೆ ಹೇಗೆ ಆರಿಸುವುದು? ಗಿರಾಕಿಯನ್ನು ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಇವನಿಗೆ ಕೇಳುವ ಧೈರ್ಯ ನನಗಿರಲಿಲ್ಲ.

ಆಗ ನನಗೊಂದು ಕಳ್ಳಬುದ್ಧಿ ಹೊಳೆಯಿತು. ಐದೂವರೆಯ ನಳಿಗೆಗೆ ನಾಲ್ಕೂವರೆಯ ಗುಂಡು ಹಾಕಿದರೆ ಅದು ಸಡಿಲ. ಸುತ್ತಲಿನ ಸಂದಿಯಿಂದ ಗಾಳಿಯೆಲ್ಲ ಸೋರಿಹೋಗುತ್ತದೆ, ಗುಂಡು ಹೊರಬಿದ್ದರೂ ಕಲ್ಲು ಬಿಸಾಡಿದಷ್ಟೂ ಜೋರು ಇರುವುದಿಲ್ಲ. ಹೊಸದಾಗಿ ಕೊಂಡ ಗಿರಾಕಿಗಳು ಡಬ್ಬಿ ಅದಲುಬದಲು ಮಾಡಿಕೊಂಡು, ಕೋವಿಗೆ ದಮ್ಮೇ ಇಲ್ಲ ಎಂದು ಜಗಳಕ್ಕೆ ಬಂದದ್ದು ಎಷ್ಟು ಸಲವೋ. ನಾನು ಐದೂವರೆಯನ್ನು ಎತ್ತಿಕೊಂಡೆ. ಎರಡೂ ಡಬ್ಬಿಗಳ ಮೇಲೆ ಕೈ ಆಡಿಸಿ, ಹೆಬ್ಬೆರಳಿನ ಅಡಿಯಲ್ಲಿ ಸಣ್ಣ ಗುಂಡನ್ನು ಮರೆಮಾಡಿ ತುಂಬಿಸಿ, ನಳಿಗೆ ಮುಚ್ಚಿ ಅವನ ಕೈಗೆ ಕೊಟ್ಟೆ. ರೋಹಿದಾಸ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ.

ಕ್ಯಾಪ್ಟನ್ ಕೂಡಲೇ ಗುರಿ ಹಿಡಿಯಲಿಲ್ಲ. ಚಹಾದ ಕೊನೆಯ ಗುಟುಕಿಗೆಂದು ಲೋಟ ಎತ್ತಿದ. ಇನ್ನೊಂದು ಕೈಯಲ್ಲಿದ್ದ ಕೋವಿಯ ಮೂತಿ ನೆಲಕ್ಕೆ ಬಾಗಿತು. ನಳಿಗೆಯೊಳಗೆ ಏನೋ ಜಾರಿದ ಸದ್ದು ನನಗೆ ಮೊದಲೇ ಕೇಳಿಸಿತು. ಗುಂಡು ಸಿಮೆಂಟ್ ನೆಲದ ಮೇಲೆ ಬಿದ್ದು, ಉರುಳಿ, ಅವನ ಬೂಟಿನ ಹತ್ತಿರ ನಿಂತಿತು.

ಬಾಗಿಲಲ್ಲಿದ್ದ ಸೈನಿಕನಿಗೆ ಅರ್ಥವೇ ಆಗಲಿಲ್ಲ. ಕ್ಯಾಪ್ಟನ್ ಬಗ್ಗಿ ಅದನ್ನು ಎತ್ತಿಕೊಂಡು, ಬೆರಳುಗಳ ನಡುವೆ ತಿರುಗಿಸಿ ನೋಡಿ, ಸರಿಯಾದ ಡಬ್ಬಿಗೇ ಹಾಕಿದ. ಅವನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ನನ್ನ ಪ್ಯಾಂಟಿನೊಳಗೆ ಬಿಸಿಯಾಗಿ ಏನೋ ಇಳಿಯುತ್ತಿತ್ತು, ಅದು ಮೂತ್ರ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಈಗ ನೀನೇ ಹೊಡೆ,” ಎಂದು ಕೋವಿಯನ್ನು ನನ್ನ ಕಡೆ ಚಾಚಿದ. “ಅಳತೆಯೂ ನಿನ್ನದು, ಜಾಗವೂ ನಿನ್ನದು. ತಪ್ಪಿಸಿ ಗೋಡೆಗೆ ಹೊಡೆದರೆ ಆಮೇಲೆ ನಾನು ನನ್ನದರಲ್ಲಿ ಹೊಡೆಯುತ್ತೇನೆ.” ಸೊಂಟದ ಪಿಸ್ತೂಲನ್ನು ತೆಗೆದು ಮೇಜಿನ ಮೇಲಿಟ್ಟ.

ನಾನು ಅತ್ತೆ. ಅವನ ಕಾಲು ಹಿಡಿಯಲೂ ಹೋದೆ, ಸೈನಿಕ ಕಾಲರು ಹಿಡಿದು ಎತ್ತಿ ನಿಲ್ಲಿಸಿದ. ರೋಹಿದಾಸ ಕಣ್ಣು ತೆರೆದು, ತುಳುವಿನಲ್ಲಿ, ಹೊಡೆದುಬಿಡು ಭಾವ, ಮನೆಯಲ್ಲಿ ಅವರಿಬ್ಬರೇ ಇದ್ದಾರೆ ಎಂದ. ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತವನು ನನ್ನ ಕಣ್ಣಮುಂದೆ ಬಂದ.

ಐದೂವರೆ ಎಂದೆ. ತೊಡೆಯ ಹೊರಮಗ್ಗುಲು, ಮೊಣಕಾಲಿಗಿಂತ ಒಂದು ಗೇಣು ಮೇಲೆ. ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳವಿದೆ, ಹೊರಗೆ ಬರೀ ಮಾಂಸ. ನಾಲ್ಕೂವರೆಯಾದರೆ ಎಲುಬಿನವರೆಗೂ ಇಳಿದೀತು, ಇದು ಮಾಂಸದಲ್ಲೇ ನಿಲ್ಲುತ್ತದೆ. ಈ ಸಲ ದಪ್ಪ ಗುಂಡನ್ನೇ ತೆಗೆದು, ಕ್ಯಾಪ್ಟನ್‌ಗೆ ತೋರಿಸಿ, ತುಂಬಿಸಿದೆ. ಹತ್ತು ಹೆಜ್ಜೆ ಎಣಿಸಿ ನಿಂತೆ. ರೋಹಿದಾಸನಿಗೆ ಕೊಂಚ ಓರೆಯಾಗಿ ನಿಲ್ಲಲು ಹೇಳಿದೆ, ಎಡಗಾಲು ಮುಂದೆ ಇಡು ಎಂದೆ, ಅಲುಗಾಡಬೇಡ ಎಂದೆ. ಅವನು ಹೇಳಿದ ಹಾಗೆ ಮಾಡಿದ, ಆದರೆ ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಹಿಡಿಯನ್ನು ಕೆನ್ನೆಗೆ ತಾಗಿಸಿದೆ. ಆಮೇಲೆ ನಡೆದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಿದ್ದಿಲ್ಲ. ಗುರಿಯ ತುದಿ ಅವನ ಖಾಕಿ ಪ್ಯಾಂಟಿನ ಮೇಲೆ ಕೂತಿತು. ಅರ್ಧ ಉಸಿರು ಹೊರಗೆ ಬಿಟ್ಟೆ. ಅಷ್ಟು ಹೊತ್ತೂ ಬರುತ್ತಿದ್ದ ಅಳು ನಿಂತಿತು. ಕೋಣೆ, ಕ್ಯಾಪ್ಟನ್, ರತ್ನಾವತಿ, ಯಾವುದೂ ಇರಲಿಲ್ಲ. ಹೊಲಿಗೆಯ ಪಕ್ಕದ ಒಂದು ಚುಕ್ಕೆ ಮಾತ್ರ ಇತ್ತು. ಕುದುರೆಯನ್ನು ಮೆಲ್ಲನೆ, ಬಹಳ ಮೆಲ್ಲನೆ ಎಳೆದೆ.

ಅವನು ಬಿದ್ದ. ಕೂಗಲಿಲ್ಲ, ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು. ಒಂದು ಕೈ ನೆಲಕ್ಕೆ ಊರಿ, ಇನ್ನೊಂದರಲ್ಲಿ ಗೋಡೆ ಹಿಡಿದು ಎದ್ದ. ನಾನು ಓಡಿಹೋಗಿ ಹೆಗಲು ಕೊಡಲು ನೋಡಿದರೆ ಕ್ಯಾಪ್ಟನ್ ಬೇಡ ಎಂದು ಬೆರಳು ಅಲ್ಲಾಡಿಸಿದ. ಕಾಲಮೇಲೆ ನಡೆಯಬೇಕು ಎಂದಲ್ಲವೇ ಮಾತು? ರೋಹಿದಾಸ ಒಂದೊಂದೇ ಹೆಜ್ಜೆ ಎಳೆದುಕೊಂಡು ಬಾಗಿಲು ದಾಟಿದ, ಕಾರಿಡಾರು ದಾಟಿದ, ಮಕ್ಕಳು ನೀರು ಕುಡಿಯುವ ನಲ್ಲಿಗಳ ಮುಂದಿನಿಂದ ಅಂಗಳಕ್ಕೆ ಇಳಿದ. ಅವನ ಶೂವಿನಿಂದ ಪ್ರತಿ ಹೆಜ್ಜೆಗೂ ಪಚಪಚ ಸದ್ದು ಬರುತ್ತಿತ್ತು. ನಾನು ಹಿಂದೆ ನಡೆಯುತ್ತ, ಬೀಳಬೇಡ, ದೇವರೇ ಅವನು ಬೀಳದ ಹಾಗೆ ಮಾಡು ಎಂದು ಬೇಡುತ್ತಿದ್ದೆ. ಗೇಟು ದಾಟಿದ. ಹಿಂದಿನಿಂದ ಕ್ಯಾಪ್ಟನ್ ಯಾರಿಗೋ ಖಲಾಸ್ ಎಂದು ಹೇಳಿದ್ದು ಕೇಳಿಸಿತು. ಕೋವಿಗಳು ಅವನ ಹತ್ತಿರವೇ ಉಳಿದವು.

ನಾವು ಮನೆ ಮುಟ್ಟುವ ಮೊದಲೇ ಒಬ್ಬ ಸೈನಿಕ ಓಡಿಹೋಗಿ ನಮ್ಮ ಮನೆಯಲ್ಲಿ ಕೂತಿದ್ದವನನ್ನು ಕರೆದುಕೊಂಡು ಇಳಿದ. ರತ್ನಾವತಿ ಕತ್ತರಿಯಲ್ಲಿ ಪ್ಯಾಂಟು ಕತ್ತರಿಸಿ, ಹುಬ್ಬು ಕೀಳುವ ಚಿಮುಟವನ್ನು ಕುದಿಸಿ, ಗುಂಡನ್ನು ಹೊರಗೆ ತೆಗೆದಳು. ನಾನು ಹೇಳಿದಷ್ಟೇ ಆಳದಲ್ಲಿತ್ತು. ರೋಹಿದಾಸ ಟವೆಲ್ಲು ಕಚ್ಚಿ ಹಿಡಿದು ಸಹಿಸಿದ. ಯಾರು ಹೊಡೆದದ್ದು ಎಂದು ಅವಳು ಕೇಳಿದಳು. ಅವರೇ ಎಂದ ರೋಹಿದಾಸ, ನನ್ನ ಮುಖ ನೋಡದೆ.

ಅವಳು ನೀರು ಚೆಲ್ಲಲು ಹೋದಾಗ ನಾನು ಅವನ ಮಂಚದ ಬಳಿ ಕೂತೆ. ತಪ್ಪಾಯಿತು ಭಾವ ಎಂದೆ. ಅವತ್ತೇ ಬಿಸಾಡಬೇಕಿತ್ತು, ನಿನ್ನ ಮಾತು ಕೇಳಬೇಕಿತ್ತು ಎಂದೆ. ಅವನು ಫ್ಯಾನಿನ ಕಡೆ ನೋಡುತ್ತಿದ್ದ.

“ತಪ್ಪೆಂಥದು. ನೀನಲ್ಲದೆ ಬೇರೆಯವ ಹೊಡೆದಿದ್ರೆ ನಾನು ಉಳೀತಿರ್ಲಿಲ್ಲ. ಅದು ನನಗೆ ಗೊತ್ತುಂಟು.” ಬಟ್ಟೆ ಕಟ್ಟಿದ ಕಾಲನ್ನು ಕೈಯಿಂದ ಸರಿಸಿಕೊಂಡ. “ಆದ್ರೆ ನಾನು ನಿನ್ನ ಮುಖವನ್ನೇ ನೋಡ್ತಾ ಇದ್ದೆ ಭಾವ. ಕೋವಿ ಎತ್ತಿದ ಮೇಲೆ ಅದರಲ್ಲಿ ಎಂಥದೂ ಇರ್ಲಿಲ್ಲ. ನನ್ನ ಪರಿಚಯವೇ ಇಲ್ಲದವನ ಹಾಗೆ ಇದ್ದಿ.”

ರತ್ನಾವತಿ ಬಿಟ್ಟುಹೋದ ಚಿಮುಟವನ್ನು ನಾನು ಒರೆಸತೊಡಗಿದೆ. ಅವನು ಹೇಳಿದ್ದು ಸುಳ್ಳಲ್ಲವಲ್ಲ. ಆ ಒಂದು ಗಳಿಗೆ ನನಗೆ ಹೆದರಿಕೆಯೇ ಇರಲಿಲ್ಲ. ಅದನ್ನು ನೆನೆಸಿದರೆ ಈಗಲೂ ನನಗೆ ನನ್ನದೇ ಹೆದರಿಕೆಯಾಗುತ್ತದೆ.

ಹತ್ತು ಹನ್ನೆರಡು ದಿನ ಬಿಟ್ಟು, ಸೆಪ್ಟೆಂಬರ್ ಕೊನೆಗೆ, ಭಾರತೀಯರನ್ನು ಒಯ್ಯುವ ಬಸ್ಸುಗಳಲ್ಲಿ ನಮಗೂ ಜಾಗ ಸಿಕ್ಕಿತು. ಬಸ್ರಾ, ಬಗ್ದಾದ್, ಆಮೇಲೆ ಮರುಭೂಮಿ, ಕೊನೆಗೆ ಅಮ್ಮಾನಿನಿಂದ ವಿಮಾನ. ರತ್ನಾವತಿಗೆ ಹೆಂಗಸರ ಕಡೆ ಸೀಟು, ನಮಗೆ ಮೂವರಿಗೆ ಹಿಂದಿನ ಸೀಟು. ದೀಕ್ಷಿತಾ ಎಂದಿನ ಹಾಗೆ ನನ್ನ ತೊಡೆ ಹತ್ತಲು ಬಂದಳು. “ಐ ವಾಂಟ್ ಟು ಸಿಟ್ ವಿತ್ ಮಾಮ” ಎಂದಳು. ರೋಹಿದಾಸ ಜೋರು ಮಾಡಲಿಲ್ಲ. ಅವಳ ತೋಳು ಹಿಡಿದು ಮೆಲ್ಲನೆ ಕಿಟಕಿಯ ಕಡೆಗೆ ಸರಿಸಿದ. ಮಾಮನಿಗೆ ಸೆಕೆಯಾಗುತ್ತದೆ ಎಂದು ಹೇಳಿ, ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇಟ್ಟುಕೊಂಡು, ನಮ್ಮಿಬ್ಬರ ನಡುವೆ ಕೂತ.

ಮೂರು ಹಗಲು, ಮೂರು ರಾತ್ರಿಯ ದಾರಿ. ನೀರಿನ ಬಾಟಲಿಯನ್ನು ನನಗೇ ಮೊದಲು ಕೊಟ್ಟ, ಖುಬ್ಬೂಸು ರೊಟ್ಟಿ ಮುರಿಯುವಾಗ ನನ್ನ ಪಾಲನ್ನು ದೊಡ್ಡದಾಗಿಯೇ ಮುರಿದ, ಚೆಕ್‌ಪೋಸ್ಟುಗಳಲ್ಲಿ ನನ್ನ ಪಾಸ್‌ಪೋರ್ಟನ್ನೂ ತಾನೇ ಇಳಿದು ತೋರಿಸಿದ. ನಿದ್ದೆ ಬಂದಾಗ ಮಾತ್ರ ಮಗುವನ್ನು ಎದೆಗೆ ಎಳೆದುಕೊಂಡು, ನನ್ನ ಕಡೆಗೆ ಬೆನ್ನು ಮಾಡಿ ಮಲಗುತ್ತಿದ್ದ. ಅಮ್ಮಾನಿನವರೆಗೂ ಅವಳು ನನ್ನ ತೊಡೆಯ ಮೇಲೆ ಕೂರಲಿಲ್ಲ, ನಾನೂ ಕರೆಯಲಿಲ್ಲ.